ಅಸೆಂಬ್ಲಿ ಕಲಿಯಬೇಕು, ಕೈಯಲ್ಲಿರುವುದು 64 ಬೈಟ್ ರಾಮ್‌ನ ಚಿಪ್ಪು. ಎಲ್ಲಿಂದ ಶುರು ಮಾಡಲಿ?

ಸ್ಟಾರ್ಟರ್‌ಪೆಟ್ಟಿಗೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು. ಪಂಪ್‌ಸೆಟ್ ಸ್ಟಾರ್ಟರ್, ಆಟೋ ಸ್ಟಾರ್ಟರ್ ಬೋರ್ಡುಗಳ ರಿಪೇರಿ ನನ್ನ ಕಸುಬು. ಡಿಪ್ಲೊಮಾ ಮಾಡಿ ಹದಿನೈದು ವರ್ಷವಾಗುತ್ತಾ ಬಂತು. ಆಗ 8085 ಪ್ರೊಸೆಸರಿನ ಪಾಠ ಇತ್ತು, ಉರು ಹೊಡೆದು ಪಾಸಾದೆ. ಈಗ ಆರ್ಡ್ವಿನೋ ಊನೋ ಅನ್ನುವ ಬೋರ್ಡಿಗೆ ಅಷ್ಟಿಷ್ಟು ಪ್ರೋಗ್ರಾಂ ಬರೆಯುತ್ತೇನೆ. ನಾಲ್ಕು ಜನ ಬರೆದದ್ದನ್ನು ಜೋಡಿಸುತ್ತೇನೆ ಅಂದರೆ ಸರಿಯಾದೀತು.

ವಿಷಯ ಇಷ್ಟು. ಗಣೇಶನ ಹಬ್ಬಕ್ಕೆ ಇನ್ನು ಮೂರು ವಾರ. ನಮ್ಮ ಬೀದಿಯ ಪೆಂಡಾಲಿಗೆ ಬಣ್ಣ ಓಡುವ ಸೀರಿಯಲ್ ಸೆಟ್ ಮಾಡಿಕೊಡುತ್ತೇನೆ ಅಂತ ಹುಡುಗರಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ಡಬ್ಲ್ಯುಎಸ್2812 ಎಲ್‌ಇಡಿ ಪಟ್ಟಿ, 30 ಬಲ್ಬು. ಹೋದ ಸಲ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಎಟಿಟೈನಿ13 ಚಿಪ್ಪು ಅಗ್ಗಕ್ಕೆ ಸಿಕ್ಕಿತು ಅಂತ ಹನ್ನೆರಡು ತಂದಿದ್ದೆ. ಎಂಟು ಕಾಲಿನ ಪುಟ್ಟದು. ಊನೋದಲ್ಲಿ ಚೆನ್ನಾಗಿ ಓಡುತ್ತಿದ್ದ ಲೈಬ್ರರಿ ಇದರಲ್ಲಿ ಕೂರುವುದೇ ಇಲ್ಲ. ಒಂದು ಬಲ್ಬಿಗೆ 3 ಬೈಟ್, 30 ಬಲ್ಬಿಗೆ 90. ಚಿಪ್ಪಿನಲ್ಲಿ ಇರುವ ರಾಮ್ (ಓಡುವಾಗ ಲೆಕ್ಕ ಇಟ್ಟುಕೊಳ್ಳುವ ಮೆಮೊರಿ) ಒಟ್ಟು 64 ಬೈಟ್. 21 ಬಲ್ಬಿಗೇ 63 ಆಗಿಹೋಯಿತು.

ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರಿನ ಒಂದೊಂದು ಆಜ್ಞೆಯನ್ನೂ ನಾವೇ ಬರೆಯುವ ಭಾಷೆಯಲ್ಲಿ, ಬರೆದರೆ ಆಗುತ್ತದೆ ಅಂತ ಒಬ್ಬರು ಹೇಳಿದರು. ಈ ನೆಪದಲ್ಲಾದರೂ ಕಲಿಯೋಣ ಅಂತ ಆಸೆ. ಹಳೇ 8085 ನೋಟ್ಸು ತೆಗೆಯಲಾ? 8051ರಿಂದ ಹೋಗಲಾ? ಎಲ್ಲರೂ ಆರ್ಮ್ ಆರ್ಮ್ ಅನ್ನುತ್ತಾರೆ, ಅದಾ? ದಯವಿಟ್ಟು ನಲವತ್ತು ಗಂಟೆಯ ವಿಡಿಯೋ ನೋಡು ಅನ್ನಬೇಡಿ. ಅಂಗಡಿ ಬಾಗಿಲು ಹಾಕಿದ ಮೇಲೆ ನನಗೆ ಸಿಗುವುದು ಒಂದೂವರೆ ಗಂಟೆ.

ಸಿ ಸಾಕು · ಭಾನುವಾರ ರಾತ್ರಿ 10:05

ಗುರುಗಳೇ, ನನ್ನ ಹೆಸರಲ್ಲೇ ಉತ್ತರ ಇದೆ.

ಅದೇ ಸೈಜಿನಲ್ಲಿ ಎಟಿಟೈನಿ85 ಸಿಗುತ್ತದೆ. ಪ್ರೋಗ್ರಾಂ ಇಡೋಕೆ 8 ಕೆಬಿ ಫ್ಲಾಶ್, 512 ಬೈಟ್ ರಾಮ್. ನಿಮ್ಮ 90 ಬೈಟ್ ಅದರ ಒಂದು ಮೂಲೆಗೂ ಸಾಲದು. ಸಿ ಭಾಷೆಯಲ್ಲಿ ಬರೆಯಿರಿ, ಹಬ್ಬ ಮಾಡಿ. ಸಿಯನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಈಗ ನಮ್ಮ ನಿಮ್ಮಂಥವರಿಗಿಂತ ಚೆನ್ನಾಗಿ ಅಸೆಂಬ್ಲಿ ಬರೆಯುತ್ತದೆ. ಮೂರು ವಾರದಲ್ಲಿ ಅಸೆಂಬ್ಲಿ ಕಲಿತು ಪೆಂಡಾಲು ಬೆಳಗಿಸುತ್ತೇನೆ ಅನ್ನುವುದು ಮದುವೆ ದಿನ ಅಡುಗೆ ಕಲಿಯೋಕೆ ಹೋದ ಹಾಗೆ.

ಹಳೇ ಕಿಟ್ಟು · ಸೋಮವಾರ ಬೆಳಿಗ್ಗೆ 6:15

ನಾನು ಪಾಲಿಟೆಕ್ನಿಕ್‌ನಲ್ಲಿ 8085 ಪಾಠ ಮಾಡಿ ನಿವೃತ್ತನಾದವನು. ಉರು ಹೊಡೆದು ಪಾಸಾದೆ ಅಂದಿರಲ್ಲ, ಅದರಲ್ಲಿ ನಮ್ಮಂಥವರ ತಪ್ಪೂ ಇದೆ.

ಒಂದು ಸಂಗತಿ ಹೇಳುತ್ತೇನೆ. ಲ್ಯಾಬಿನ 8085 ಕಿಟ್ಟು ನೆನಪಿದೆಯಲ್ಲ, ಹೆಕ್ಸ್ (ಹದಿನಾರರ ಲೆಕ್ಕ, 0ಯಿಂದ ಎಫ್‌ವರೆಗೆ) ಕೀಲಿಗಳು, ಮೇಲೆ ಆರು ಕೆಂಪು ಅಂಕಿ. 5 ಮತ್ತು 3 ಕೂಡಿಸುವುದು ಮೊದಲನೇ ಪ್ರಯೋಗ. ಒಟ್ಟು ಒಂಬತ್ತು ಬೈಟ್:

3ಇ 05
06 03
80
32 50 80
76

ಎ ರಿಜಿಸ್ಟರಿಗೆ (ಪ್ರೊಸೆಸರಿನ ಒಳಗಿನ ಪುಟ್ಟ ಡಬ್ಬಿ) 5 ಹಾಕು, ಬಿಗೆ 3 ಹಾಕು, ಕೂಡು, ಉತ್ತರವನ್ನು 8050ರಲ್ಲಿ ಇಡು, ನಿಲ್ಲು. ಅಷ್ಟೇ. ನಾಲ್ಕನೇ ಸಾಲು ನೋಡಿ. ವಿಳಾಸ 8050, ಒತ್ತಬೇಕಾದ್ದು 50 80. ಕೆಳಗಿನ ಬೈಟ್ ಮೊದಲು. ಪ್ರತಿ ವರ್ಷ ಕ್ಲಾಸಿನ ಅರ್ಧ ಹುಡುಗರು 80 50 ಅಂತ ಒತ್ತುತ್ತಿದ್ದರು. ಉತ್ತರ 5080ಕ್ಕೆ ಹೋಗುತ್ತಿತ್ತು. ನಮ್ಮ ಕಿಟ್ಟಿನಲ್ಲಿ ಅಲ್ಲಿ ರಾಮೇ ಇರಲಿಲ್ಲ. ಹುಡುಗರು 8050 ತೆಗೆದು ನೋಡಿದರೆ ಹಿಂದಿನ ಬ್ಯಾಚಿನವರ ಕಸ. ಅದರಲ್ಲೇನಾದರೂ ಕಾಕತಾಳೀಯವಾಗಿ 08 ಇದ್ದರೆ ಮುಗಿಯಿತು, ಸರ್ ಬಂತು ಸರ್ ಅಂತ ರೆಕಾರ್ಡ್ ಸಹಿಗೆ ಓಡಿ ಬರುತ್ತಿದ್ದರು.

8085 ಬಂದದ್ದು 1976ರಲ್ಲಿ. ಅದರ ಹಿಂದಿನ 8080ಕ್ಕೆ ಮೂರು ಬಗೆಯ ವೋಲ್ಟೇಜು ಬೇಕಿತ್ತು, ಇದಕ್ಕೆ ಒಂದೇ 5 ವೋಲ್ಟ್ ಸಾಕು. ಹೆಸರಿನ ಕೊನೆಯ 5 ಅದಕ್ಕೇ. ಈಗ ಕಿಟ್ಟು ಹುಡುಕಿಕೊಂಡು ಹೋಗುವುದು ಬೇಡ. ಆದರೆ ಒಂದು ಸಂಜೆ ಹಾಳೆಯ ಮೇಲೆ ಈ ಒಂಬತ್ತು ಬೈಟನ್ನು ನೀವೇ ಪ್ರೊಸೆಸರ್ ಆಗಿ ಓಡಿಸಿ ನೋಡಿ. ಪ್ರತಿ ಹೆಜ್ಜೆಗೂ ಎ ಎಷ್ಟು, ಬಿ ಎಷ್ಟು, ಪಿಸಿ (ಮುಂದಿನ ಆಜ್ಞೆಯ ವಿಳಾಸ) ಎಲ್ಲಿದೆ ಅಂತ ಪೆನ್ಸಿಲಿನಲ್ಲಿ ಬರೆಯಿರಿ. ಹದಿನೈದು ನಿಮಿಷದ ಕೆಲಸ. ಮುಂದೆ ಯಾವ ಚಿಪ್ಪು ಹಿಡಿದರೂ ಮಾಡುವುದು ಇದನ್ನೇ.

ನಿದ್ದೆಗೆಟ್ಟವ · ಸೋಮವಾರ ಮಧ್ಯಾಹ್ನ 1:20

ಸರ್, ನಾನು ಇಂಜಿನಿಯರಿಂಗ್ ಸ್ಟೂಡೆಂಟ್. ನಮ್ಮ ಸೀನಿಯರ್‌ಗಳಿಗೆಲ್ಲ ಲ್ಯಾಬಿನಲ್ಲಿ ಹಳೇ ಡಾಸ್ ಓಡಿಸುವ ಡಾಸ್‌ಬಾಕ್ಸ್ ಒಳಗೆ ಮಾಸ್ಮ್ ಅನ್ನುವ ಅಸೆಂಬ್ಲರ್ ಹಾಕಿ 8086 ಅಸೆಂಬ್ಲಿ ಮಾಡಿಸಿದ್ದರಂತೆ. ಅವರ ರೆಕಾರ್ಡ್ ನೋಡಿ ನಾನೂ ಮಾಡಿದೆ. 21ಎಚ್ ಇಂಟರಪ್ಟ್ ಕೊಟ್ಟರೆ ಸ್ಕ್ರೀನಿನ ಮೇಲೆ ಅಕ್ಷರ ಬರುತ್ತದೆ. ಖುಷಿಯಾಯಿತು. ಆದರೆ ಹಾರ್ಡ್‌ವೇರ್ ಎಲ್ಲಿ ಬಂತು ಅಂತ ಗೊತ್ತಾಗಲಿಲ್ಲ. ಆಮೇಲೆ ನಮಗೆ ಎಲ್‌ಪಿಸಿ2148 ಬೋರ್ಡಿನಲ್ಲಿ ಆರ್ಮ್7 ಇತ್ತು. ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು. ನಾನು ಕಲಿತದ್ದು ಅಸೆಂಬ್ಲಿನಾ, ಅಲ್ವಾ?

ಹೆಕ್ಸಮ್ಮ · ಸೋಮವಾರ ರಾತ್ರಿ 8:50

ಆಫೀಸಿನಲ್ಲಿ ಫರ್ಮ್‌ವೇರ್, ಮನೆಗೆ ಬಂದರೆ ಇಲ್ಲಿ ಫರ್ಮ್‌ವೇರ್. ಇರಲಿ.

@ನಿದ್ದೆಗೆಟ್ಟವ, ಕಲಿತದ್ದು ಅಸೆಂಬ್ಲಿಯೇ. ಆದರೆ 21ಎಚ್ ಅಂದರೆ ಡಾಸ್‌ಗೆ ಚೀಟಿ ಕೊಟ್ಟ ಹಾಗೆ. ಒಳಗೆ ಹೋಗಿ ಕೆಲಸ ಮಾಡುವವನು ಬೇರೆ. ನೀನು ಕೌಂಟರಿನ ಹೊರಗೇ ನಿಂತಿದ್ದೆ. ಅದಕ್ಕೇ ಹಾರ್ಡ್‌ವೇರ್ ಕಾಣಲಿಲ್ಲ.

@ಸ್ಟಾರ್ಟರ್‌ಪೆಟ್ಟಿಗೆ, ನಿಮ್ಮ ಕೈಯಲ್ಲಿರುವ ಚಿಪ್ಪೇ ಕಲಿಯೋಕೆ ಒಳ್ಳೆಯದು. ದೊಡ್ಡದು ತಗೊಂಡರೆ ಲೈಟು ಹಚ್ಚುವ ಮೊದಲೇ ಹತ್ತು ಬಾಗಿಲು ತೆಗೆಯಬೇಕು. ಉದಾಹರಣೆಗೆ ಎಸ್‌ಟಿಎಂ32 ಅನ್ನುವ ಚಿಪ್ಪಿನಲ್ಲಿ ಪೋರ್ಟಿಗೆ (ಹೊರಗಿನ ಕಾಲುಗಳ ಗುಂಪಿಗೆ) ಮೊದಲು ಕ್ಲಾಕ್, ಅಂದರೆ ಚಿಪ್ಪು ಓಡುವ ತಾಳ, ಕೊಡಬೇಕು. ಮರೆತರೆ ನೀವು ಬರೆದದ್ದು ಸದ್ದಿಲ್ಲದೆ ಮಾಯ. ಎರರ್ ಇಲ್ಲ, ಏನೂ ಇಲ್ಲ. ಹೊಸಬರು ಎರಡು ದಿನ ತಲೆ ಕೆರೆದುಕೊಳ್ಳುತ್ತಾರೆ. ಎಟಿಟೈನಿ13ರಲ್ಲಿ ಆ ರಗಳೆ ಇಲ್ಲ. 32 ರಿಜಿಸ್ಟರ್, 120 ಇನ್‌ಸ್ಟ್ರಕ್ಷನ್, ಅದರಲ್ಲಿ ನಿಮಗೆ ಬೇಕಾಗುವುದು ಹದಿನೈದು. 1 ಕೆಬಿ ಫ್ಲಾಶ್ ಅಂದರೆ ಪೂರ್ತಿ ತುಂಬಿಸಿದರೂ 512 ಇನ್‌ಸ್ಟ್ರಕ್ಷನ್. ತಲೆಯಲ್ಲಿ ಹಿಡಿಯುತ್ತದೆ.

ಊನೋವನ್ನೇ ಪ್ರೋಗ್ರಾಮರ್ ಮಾಡಿಕೊಳ್ಳಿ. ಮೊದಲ ಪ್ರೋಗ್ರಾಂ ಮೂರೇ ಸಾಲು. ಓದಿಕೊಂಡ ಹಾಗೆ ಬರೆಯುತ್ತೇನೆ:

ಎಸ್‌ಬಿಐ ಡಿಡಿಆರ್‌ಬಿ, 0
ಎಸ್‌ಬಿಐ ಪೋರ್ಟ್‌ಬಿ, 0
ಇಲ್ಲೇ: ಆರ್‌ಜಂಪ್ ಇಲ್ಲೇ

ಮೊದಲನೆಯದು 0ನೇ ಕಾಲನ್ನು ಔಟ್‌ಪುಟ್ ಮಾಡುತ್ತದೆ. ಎರಡನೆಯದು ಅದಕ್ಕೆ ಕರೆಂಟ್ ಕೊಡುತ್ತದೆ. ಮೂರನೆಯದು ನಿಂತಲ್ಲೇ ಸುತ್ತುತ್ತದೆ. ಅದು ಯಾಕೆ ಬೇಕು ಅಂತ ಕೇಳಬೇಕು ನೀವು. ವಾಪಸ್ ಹೋಗೋಕೆ ಇಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ಮೂ ಇಲ್ಲ. ತಡೆಯದಿದ್ದರೆ ಪ್ರೊಸೆಸರು ಮುಂದಿರುವ ಖಾಲಿ ಫ್ಲಾಶಿನ ಮೇಲೂ ಓಡುತ್ತಾ ಹೋಗಿ, ಕೊನೆ ಮುಟ್ಟಿ, ಮತ್ತೆ ಸೊನ್ನೆಗೆ ಬರುತ್ತದೆ. ಹಗ್ಗ ಬಿಚ್ಚಿದ ಕರು.

ಒಂದು ಗುಂಡಿ ತೋರಿಸಿಬಿಡುತ್ತೇನೆ, ನಾನು ಬಿದ್ದದ್ದು. ಈ ಚಿಪ್ಪಿನಲ್ಲಿ ಪೋರ್ಟ್‌ಬಿಗೆ ಎರಡು ವಿಳಾಸ. ಇನ್, ಔಟ್, ಎಸ್‌ಬಿಐ ಇವುಗಳಿಗೆ ಹೆಕ್ಸ್ 18. ಮೆಮೊರಿ ಅಂತ ಮುಟ್ಟಿದರೆ ಅದಕ್ಕೆ ಹೆಕ್ಸ್ 20 ಸೇರಿ 38. ಜಿಸಿಸಿ ಕಂಪೈಲರಿನ ಅಸೆಂಬ್ಲರ್ ಬಳಸಿದರೆ ಪೋರ್ಟ್‌ಬಿ ಅನ್ನುವ ಹೆಸರಿಗೆ ಅದು ಕೊಡುವುದು 38. ಎಸ್‌ಬಿಐ ಬರೆದರೆ ಸಂಖ್ಯೆ ದೊಡ್ಡದಾಯಿತು ಅಂತ ಬೈಯುತ್ತದೆ, ಒಳ್ಳೆಯದೇ ಆಯಿತು. ಔಟ್ ಬರೆದರೆ ಬೈಯುವುದಿಲ್ಲ. ಸುಮ್ನೆ ಒಪ್ಪಿಕೊಂಡು ಟೈಮರಿನ ಫ್ಲ್ಯಾಗ್ ರಿಜಿಸ್ಟರಿಗೆ ಬರೆದು ಬರುತ್ತದೆ. ನೀವು ಎಲ್‌ಇಡಿ ಸುಟ್ಟಿದೆಯಾ ಅಂತ ಬದಲಾಯಿಸುತ್ತಾ ಕೂತಿರುತ್ತೀರಿ. ಆ 20 ಕಳೆಯೋಕೆ ಒಂದು ಮ್ಯಾಕ್ರೋ ಇದೆ. ಅದನ್ನು ಬಳಸಿ, ಇಲ್ಲವಾದರೆ ಮೇಲೆ ನೀವೇ 18 ಅಂತ ಹೆಸರು ಕಟ್ಟಿಕೊಳ್ಳಿ.

ಪಕ್ಕದಲ್ಲಿ ಡೇಟಾಶೀಟ್ ತೆರೆದಿರಲಿ. ಕೊನೆಯಲ್ಲಿ ಎರಡು ಪಟ್ಟಿ ಇವೆ, ರಿಜಿಸ್ಟರುಗಳದ್ದು ಮತ್ತು ಇನ್‌ಸ್ಟ್ರಕ್ಷನ್‌ಗಳದ್ದು. ಅವನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ. ಪುಸ್ತಕ ಆಮೇಲೆ ನೋಡೋಣ.

ಸ್ಟಾರ್ಟರ್‌ಪೆಟ್ಟಿಗೆ · ಬುಧವಾರ ರಾತ್ರಿ 11:10

ಮೇಡಂ, ಲೈಟು ಹತ್ತಿತು! ಮೂರು ಸಾಲು, ಆರು ಬೈಟು. ಮನೆಯವರನ್ನು ಕರೆದು ತೋರಿಸಿದೆ. ಒಂದು ಬಲ್ಬು ಹಚ್ಚೋಕೆ ಎರಡು ದಿನಾನಾ ಅಂದರು.

ಮೇಷ್ಟ್ರು ಹೇಳಿದ ಪೆನ್ಸಿಲ್ ಕೆಲಸವನ್ನೂ ಮಾಡಿದೆ. ಆಮೇಲೆ ಮಿನುಗಿಸೋಣ ಅಂತ ಲೂಪು ಬರೆದೆ. ಲೆಕ್ಕ ಹೀಗೆ ಹಾಕಿದೆ. ಒಂದು ಕಳೆಯುವ ಡೆಕ್‌ಗೆ 1 ಕ್ಲಾಕ್. ಸೊನ್ನೆಯಾಗದಿದ್ದರೆ ಹಾರುವ ಬಿಆರ್‌ಎನ್‌ಇ ಹಿಂದಕ್ಕೆ ಹಾರಿದರೆ 2, ಹಾರದಿದ್ದರೆ 1. ಒಂದು ಸುತ್ತಿಗೆ 3. 256 ಸುತ್ತು ಅಂದರೆ 768, ಕೊನೇ ಸಲ ಹಾರುವುದಿಲ್ಲ, ಒಂದು ಕಳೆದು 767. ಅದರ ಹೊರಗೆ ಇನ್ನೊಂದು 256ರ ಲೂಪು, 1,97,119 ಕ್ಲಾಕ್. 9.6 ಮೆಗಾಹರ್ಟ್ಸ್‌ಗೆ ಭಾಗಿಸಿದರೆ ಸುಮಾರು 20 ಮಿಲಿಸೆಕೆಂಡ್. ಇನ್ನೂ ಹೊರಗೆ 25 ಸಲ ತಿರುಗಿಸಿದರೆ ಅರ್ಧ ಸೆಕೆಂಡ್.

ಓಡಿಸಿದರೆ ಒಂದು ಸಲ ಹತ್ತಿ ಆರುವುದಕ್ಕೆ ಯುಗವೇ ಹಿಡಿಯಿತು. ಫೋನಿನ ಸ್ಟಾಪ್‌ವಾಚ್ ಹಿಡಿದೆ. ನಾಲ್ಕು ಸೆಕೆಂಡ್ ಉರಿಯುತ್ತದೆ, ನಾಲ್ಕು ಸೆಕೆಂಡ್ ಆರುತ್ತದೆ. ಲೆಕ್ಕವನ್ನು ಮೂರು ಸಲ ನೋಡಿದೆ, ತಪ್ಪು ಕಾಣುತ್ತಿಲ್ಲ. ಚಿಪ್ಪು ಡೂಪ್ಲಿಕೇಟಾ?

ಹೆಕ್ಸಮ್ಮ · ಬುಧವಾರ ರಾತ್ರಿ 11:25

ಅರ್ಧ ಆಗಬೇಕಾದ್ದು ನಾಲ್ಕು. ಸರಿಯಾಗಿ ಎಂಟರಷ್ಟು. ತಪ್ಪು ಇಷ್ಟು ದುಂಡಗೆ ಬಂದರೆ ಚಿಪ್ಪಿನ ಮೇಲೆ ಅನುಮಾನ ಬೇಡ. ಕಾರ್ಖಾನೆಯಿಂದ ಬರುವಾಗಲೇ ಕ್ಲಾಕನ್ನು 8ರಿಂದ ಭಾಗಿಸುವ ಫ್ಯೂಸ್ (ಚಿಪ್ಪಿನ ಒಳಗೇ ಉಳಿಯುವ ಸೆಟ್ಟಿಂಗ್, ಸುಡುವ ಫ್ಯೂಸ್ ಅಲ್ಲ) ಹಾಕಿರುತ್ತಾರೆ. ನಿಮ್ಮದು ಓಡುತ್ತಿರುವುದು 1.2 ಮೆಗಾಹರ್ಟ್ಸ್‌ನಲ್ಲಿ.

ಎರಡು ದಾರಿ. ಲೋ ಫ್ಯೂಸನ್ನು 6ಎ ಇಂದ 7ಎಗೆ ಬದಲಾಯಿಸಿ, ಅಥವಾ ಪ್ರೋಗ್ರಾಮಿನ ಶುರುವಿನಲ್ಲೇ ಸಿಎಲ್‌ಕೆಪಿಆರ್ ಅನ್ನುವ ರಿಜಿಸ್ಟರಿಗೆ ಮೊದಲು ಹೆಕ್ಸ್ 80, ತಕ್ಷಣ 0 ಬರೆಯಿರಿ. ಎರಡನೆಯದು ನಾಲ್ಕು ಕ್ಲಾಕಿನ ಒಳಗೆ ಬರಬೇಕು, ತಡವಾದರೆ ಲೆಕ್ಕಕ್ಕಿಲ್ಲ. ಹೈ ಫ್ಯೂಸ್ ಮಾತ್ರ ಮುಟ್ಟಬೇಡಿ. ಅದರಲ್ಲಿ ರೀಸೆಟ್ ಕಾಲನ್ನೇ ಬಂದ್ ಮಾಡುವ ಬಿಟ್ ಇದೆ. ಅದು ಹೋದರೆ ಊನೋದಿಂದ ಆ ಚಿಪ್ಪಿನ ಬಾಗಿಲು ತೆಗೆಯೋಕೆ ಆಗುವುದಿಲ್ಲ, 12 ವೋಲ್ಟ್ ಕೊಡುವ ಪ್ರೋಗ್ರಾಮರೇ ಬೇಕು.

ಹಳೇ ಕಿಟ್ಟು · ಗುರುವಾರ ಬೆಳಿಗ್ಗೆ 6:05

ಕೊನೇ ಸಲ ಹಾರುವುದಿಲ್ಲ ಅಂತ ಒಂದು ಕಳೆದಿರಲ್ಲ, ಅದನ್ನು ಓದಿ ನನಗೆ ಕಾಫಿ ಇನ್ನೂ ರುಚಿಸಿತು. ಪರೀಕ್ಷೆಯಲ್ಲಿ ಆ ಒಂದಕ್ಕೆ ನಾನು ಅರ್ಧ ಮಾರ್ಕು ಕೊಡುತ್ತಿದ್ದೆ.

ಸಿ ಸಾಕು · ಗುರುವಾರ ಬೆಳಿಗ್ಗೆ 9:30

ಒಳ್ಳೆಯದು, ಆದರೆ ಇದೆಲ್ಲ ಡಿಲೇ ಫಂಕ್ಷನ್ ಒಂದೇ ಸಾಲಿನಲ್ಲಿ ಮಾಡುತ್ತದೆ. ಅದೂ ಕ್ಲಾಕ್ ಎಣಿಸಿಯೇ ಲೂಪು ಹಾಕುವುದು. ಡಬ್ಲ್ಯುಎಸ್2812ಗೂ ಸಿಯಲ್ಲೇ ಬಿಟ್‌ಗಳನ್ನು (0, 1) ಕಳಿಸಬಹುದು ಅಂತ ನನ್ನ ವಾದ. ಇವತ್ತು ಸಂಜೆ ಬರೆದು ತೋರಿಸುತ್ತೇನೆ.

ಹೆಕ್ಸಮ್ಮ · ಗುರುವಾರ ರಾತ್ರಿ 9:15

ಅವರು ಬರೆಯಲಿ. ಅಷ್ಟರಲ್ಲಿ ನಾವು ಈ ಬಲ್ಬಿಗೆ ಏನು ಬೇಕು ಅಂತ ನೋಡೋಣ.

ಇದಕ್ಕೆ ಇರುವುದು ಒಂದೇ ಡೇಟಾ ತಂತಿ, ಬೇರೆ ಕ್ಲಾಕ್ ತಂತಿ ಇಲ್ಲ. ಒಂದು ಬಿಟ್ಟಿಗೆ 1.25 ಮೈಕ್ರೊಸೆಕೆಂಡ್. ತಂತಿ ಸುಮಾರು 0.4 ಮೈಕ್ರೊಸೆಕೆಂಡ್ ಮೇಲಿದ್ದು ಕೆಳಗಿಳಿದರೆ ಅದು 0. ಸುಮಾರು 0.8 ಇದ್ದು ಇಳಿದರೆ 1. ಹಾಗೆ 24 ಬಿಟ್ ಹೋದರೆ ಒಂದು ಬಲ್ಬು. ತನ್ನ 24 ತಗೊಂಡ ಬಲ್ಬು ಮಿಕ್ಕದ್ದನ್ನು ಪಕ್ಕದವರಿಗೆ ದಾಟಿಸುತ್ತದೆ. ಪಂಕ್ತಿಯಲ್ಲಿ ಎಲೆ ದಾಟಿಸಿದ ಹಾಗೆ. 50 ಮೈಕ್ರೊಸೆಕೆಂಡಿಗಿಂತ ಜಾಸ್ತಿ ಸುಮ್ಮನಿದ್ದರೆ ಬಡಿಸಿದ್ದು ಮುಗಿಯಿತು ಅಂತ ಅರ್ಥ, ಎಲ್ಲರೂ ಬಣ್ಣ ತೋರಿಸುತ್ತಾರೆ.

9.6 ಮೆಗಾಹರ್ಟ್ಸ್‌ನಲ್ಲಿ ಒಂದು ಕ್ಲಾಕ್ ಸುಮಾರು 104 ನ್ಯಾನೊಸೆಕೆಂಡ್. 1.25 ಮೈಕ್ರೊಸೆಕೆಂಡ್ ಅಂದರೆ ಸರಿಯಾಗಿ 12 ಕ್ಲಾಕ್. ಈ ಹನ್ನೆರಡರ ಒಳಗೆ ತಂತಿ ಎತ್ತಬೇಕು, ಬಿಟ್ಟು ನೋಡಬೇಕು, ಇಳಿಸಬೇಕು, ಮುಂದಿನ ಬಿಟ್ಟು ಸಿದ್ಧ ಮಾಡಬೇಕು, ಎಣಿಸಬೇಕು, ಹಿಂದಕ್ಕೆ ಹಾರಬೇಕು. ಆರ್17ರಲ್ಲಿ 1, ಆರ್18ರಲ್ಲಿ 0, ಆರ್20ರಲ್ಲಿ ಕಳಿಸಬೇಕಾದ ಬೈಟ್, ಆರ್21ರಲ್ಲಿ 8. ಕೊನೆಯಲ್ಲಿರುವುದು ಎಷ್ಟು ಕ್ಲಾಕ್ ಅಂತ:

ಬಿಟ್ಟು: ಔಟ್ ಪೋರ್ಟ್‌ಬಿ, ಆರ್17 … 1
ನಾಪ್ … 1
ನಾಪ್ … 1
ಎಸ್‌ಬಿಆರ್‌ಎಸ್ ಆರ್20, 7 … 1 ಅಥವಾ 2
ಔಟ್ ಪೋರ್ಟ್‌ಬಿ, ಆರ್18 … 1 ಅಥವಾ 0
ಎಲ್‌ಎಸ್‌ಎಲ್ ಆರ್20 … 1
ನಾಪ್ … 1
ನಾಪ್ … 1
ಔಟ್ ಪೋರ್ಟ್‌ಬಿ, ಆರ್18 … 1
ಡೆಕ್ ಆರ್21 … 1
ಬಿಆರ್‌ಎನ್‌ಇ ಬಿಟ್ಟು … 2

ಎಲ್‌ಎಸ್‌ಎಲ್ ಅಂದರೆ ಬೈಟನ್ನು ಒಂದು ಬಿಟ್ ಎಡಕ್ಕೆ ಸರಿಸುವುದು. ಎಸ್‌ಬಿಆರ್‌ಎಸ್ ಸಾಲಿನ ಹತ್ತಿರ ಒಂದು ನಿಮಿಷ ನಿಲ್ಲಿ. ಬಿಟ್ಟು 1 ಇದ್ದರೆ ಮುಂದಿನ ಒಂದು ಇನ್‌ಸ್ಟ್ರಕ್ಷನ್ನನ್ನು ದಾಟಿಹೋಗು ಅಂತ ಅದರ ಅರ್ಥ. ದಾಟಿದರೆ ಅದಕ್ಕೇ 2 ಕ್ಲಾಕ್. ದಾಟದಿದ್ದರೆ ಅದಕ್ಕೆ 1, ಮುಂದಿನ ಔಟ್‌ಗೆ 1, ಅಲ್ಲಿಗೂ 2. ಯಾವ ದಾರಿ ಹಿಡಿದರೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರುತ್ತೀರಿ. ಬಿಟ್ಟು 0 ಆದರೆ ತಂತಿ ಬೇಗ ಇಳಿಯಿತು, 4 ಕ್ಲಾಕ್, ಸುಮಾರು 417 ನ್ಯಾನೊಸೆಕೆಂಡ್. 1 ಆದರೆ ಕೆಳಗಿನ ಔಟ್‌ವರೆಗೆ ಮೇಲೇ ಇತ್ತು, 8 ಕ್ಲಾಕ್, 833. ಎರಡೂ ಬಲ್ಬಿಗೆ ಒಪ್ಪಿಗೆ. ಒಟ್ಟು ಕೂಡಿಸಿ ನೋಡಿ, 12.

ನಾಪ್ ಅಂದರೆ ಏನೂ ಮಾಡದೆ ಒಂದು ಕ್ಲಾಕ್ ಕಳೆಯುವುದು. ಇಲ್ಲಿ ಆ ನಾಲ್ಕು ಸೋಮಾರಿಗಳೇ ಇಡೀ ಕೆಲಸ ಹಿಡಿದಿರುವುದು. ತೆಗೆದುಹಾಕಿ ನೋಡಿ, ಬಲ್ಬಿಗೆ ಲಯ ತಪ್ಪುತ್ತದೆ.

ಇನ್ನು ರಾಮ್ ವಿಷಯ. 90 ಬೈಟ್ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. ಒಂದು ಬಲ್ಬಿನ ಬಣ್ಣ ಕಳಿಸಿ, ಮುಂದಿನದ್ದನ್ನು ಆಗಲೇ ಲೆಕ್ಕ ಹಾಕಿ ಕಳಿಸಿ. ನಡುವೆ ಇಪ್ಪತ್ತು ಕ್ಲಾಕ್ ಆದರೂ 2 ಮೈಕ್ರೊಸೆಕೆಂಡ್ ಅಷ್ಟೇ, 50ಕ್ಕೆ ಬಹಳ ದೂರ.

ನಿದ್ದೆಗೆಟ್ಟವ · ಗುರುವಾರ ರಾತ್ರಿ 11:55

ಅಕ್ಕಾ, ಇದನ್ನು ಪ್ರಿಂಟ್ ಹಾಕಿಸಿಕೊಳ್ಳುತ್ತೇನೆ. ಒಂದು ಡೌಟು. ಮಧ್ಯದಲ್ಲಿ ಇಂಟರಪ್ಟ್ (ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಬೇರೆ ಕೆಲಸಕ್ಕೆ ಕರೆಯುವುದು) ಬಂದರೆ?

ಹೆಕ್ಸಮ್ಮ · ಶುಕ್ರವಾರ ಬೆಳಿಗ್ಗೆ 8:10

ಕೆಡುತ್ತದೆ. ಇವರ ಚಿಪ್ಪಿನಲ್ಲಿ ರೀಸೆಟ್ ಆದಾಗ ಇಂಟರಪ್ಟ್ ಬಂದ್ ಇರುತ್ತದೆ, ಇವರಾಗಿ ತೆಗೆಯುವವರೆಗೂ ಚಿಂತೆಯಿಲ್ಲ. ಊನೋದಲ್ಲಿ ಆರ್ಡ್ವಿನೋ ಅದನ್ನು ತೆಗೆದಿಟ್ಟಿರುತ್ತದೆ. ಅದಕ್ಕೇ ಅಲ್ಲಿ ಲೈಬ್ರರಿ ಬಲ್ಬಿಗೆ ಕಳಿಸುವಷ್ಟು ಹೊತ್ತು ಇಂಟರಪ್ಟ್ ಮುಚ್ಚುತ್ತದೆ. 60 ಬಲ್ಬಿಗೆ 1.8 ಮಿಲಿಸೆಕೆಂಡ್. ಟೈಮರು 1.024 ಮಿಲಿಸೆಕೆಂಡಿಗೆ ಒಂದು ಸಲ ಬಾಗಿಲು ಬಡಿಯುತ್ತದೆ. ಒಂದು ಬಡಿತ ನೆನಪಿರುತ್ತದೆ, ಅದರ ಮೇಲೆ ಬಂದದ್ದು ಹೋಯಿತು. ಬಲ್ಬು ಜಾಸ್ತಿಯಾದ ಹಾಗೆ ಊನೋದ ಗಡಿಯಾರ ಹಿಂದೆ ಬೀಳುವುದು ಇದಕ್ಕೇ.

ಸಿ ಸಾಕು · ಶುಕ್ರವಾರ ರಾತ್ರಿ 10:40

ಮಾತು ಕೊಟ್ಟಿದ್ದೆ, ಬರೆದೆ. ಸಿಯಲ್ಲಿ ಅದೇ ಲೂಪು, ಬಿಟ್ಟು 1 ಆದರೆ ಹೀಗೆ, ಇಲ್ಲವಾದರೆ ಹಾಗೆ. ಆಮೇಲೆ ಕಂಪೈಲ್ ಆದದ್ದನ್ನು ಅಸೆಂಬ್ಲಿಯಾಗಿ ತೋರಿಸುವ ಆಬ್ಜ್‌ಡಂಪ್ ಹಾಕಿ ಕಂಪೈಲರ್ ಏನು ಮಾಡಿದೆ ಅಂತ ನೋಡಿದೆ. 0ರ ದಾರಿಗೂ 1ರ ದಾರಿಗೂ ಕ್ಲಾಕು ಬೇರೆ ಬೇರೆ. ಸರಿ, ಒಂದು ಕಡೆ ನಾಪ್ ತುಂಬಿಸಿ ಸಮ ಮಾಡಿದೆ. ಖುಷಿಯಲ್ಲಿ ಆಪ್ಟಿಮೈಸೇಶನ್ನನ್ನು ಸೈಜಿನಿಂದ ಸ್ಪೀಡಿಗೆ ಬದಲಾಯಿಸಿದೆ. ಮತ್ತೆ ಎಲ್ಲ ಚೆಲ್ಲಾಪಿಲ್ಲಿ.

ಹಾಗಾಗಿ ಈ ಹನ್ನೊಂದು ಸಾಲಿನ ಮಟ್ಟಿಗೆ ಸೋತೆ. ಸೋತದ್ದು ಗೊತ್ತಾದದ್ದೂ ಅಸೆಂಬ್ಲಿ ಓದೋಕೆ ಬಂದದ್ದರಿಂದಲೇ ಅನ್ನುವುದು ಬೇರೆ ಮಾತು. ಮಿಕ್ಕ ಪ್ರೋಗ್ರಾಂ ನಾನಾದರೆ ಸಿಯಲ್ಲೇ ಬರೆಯುತ್ತಿದ್ದೆ, ಈ ಲೂಪನ್ನು ಮಾತ್ರ ಒಳಗೆ ಕೂರಿಸುತ್ತಿದ್ದೆ. ಲೈಬ್ರರಿಗಳೂ ಮಾಡುವುದು ಅದನ್ನೇ. ದಿನಾ ಅಸೆಂಬ್ಲಿ ಬರೆಯುವವರು ಈಗ ಎಷ್ಟು ಜನ ಇದ್ದಾರೆ ಹೇಳಿ? ಓದುವುದು ಬೇಕು. ಬರೆಯುವುದು ಹಬ್ಬಕ್ಕೊಮ್ಮೆ ಸಾಕು.

ಹೆಸರು ಬದಲಾಯಿಸುವುದಿಲ್ಲ.

ನಿದ್ದೆಗೆಟ್ಟವ · ಶನಿವಾರ ಮಧ್ಯಾಹ್ನ 12:30

ನಾನು ರಾಸ್ಪ್‌ಬೆರಿ ಪೈ ಪಿಕೋದಲ್ಲಿ ನೋಡಿದೆ. ಅದರ ಪಿಐಒ ಅನ್ನುವ ಭಾಗಕ್ಕೆ ಇರುವುದೇ ಒಂಬತ್ತು ಇನ್‌ಸ್ಟ್ರಕ್ಷನ್. ಪ್ರೊಸೆಸರಿನ ಪಾಡಿಗೆ ಪ್ರೊಸೆಸರು, ಬಲ್ಬಿನ ಲಯ ಇದರ ಪಾಡಿಗೆ. ನಾಲ್ಕೇ ಸಾಲಿನಲ್ಲಿ ಆಗುತ್ತದಂತೆ. ಆಮೇಲೆ ರಿಸ್ಕ್-ಫೈವ್ ಅನ್ನುವ ಪ್ರೊಸೆಸರ್ ಭಾಷೆ ಕಲಿತರೆ ಹೇಗೆ? ಮದ್ರಾಸ್ ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗಾ ಪ್ರೊಸೆಸರುಗಳೆಲ್ಲ ಅದೇ ಅಲ್ವಾ?

ಹೆಕ್ಸಮ್ಮ · ಶನಿವಾರ ಮಧ್ಯಾಹ್ನ 2:00

ಹೌದು, ಅದೇ. ಚೊಕ್ಕದಾದ ಭಾಷೆ, ಧಾರಾಳವಾಗಿ ಕಲಿ. ಆದರೆ ಮೊದಲು ಸ್ಟಾರ್ಟರ್‌ಪೆಟ್ಟಿಗೆಯವರ ಪೆಂಡಾಲು ಬೆಳಗಲಿ. ನಿನ್ನದಕ್ಕೆ ಬೇರೆ ಚರ್ಚೆ ಶುರು ಮಾಡು, ಬರುತ್ತೇನೆ.

ಸ್ಟಾರ್ಟರ್‌ಪೆಟ್ಟಿಗೆ · ಭಾನುವಾರ ರಾತ್ರಿ 10:20

ಎಡವಟ್ಟು. ಮೂವತ್ತೂ ಬಲ್ಬು ಬಿಳಿ. ಕಣ್ಣು ಕುಕ್ಕುವಷ್ಟು ಬಿಳಿ. ಯಾವ ಬಣ್ಣ ಕಳಿಸಿದರೂ ಅದೇ. ಲೂಪು ಅಕ್ಷರಕ್ಕೆ ಅಕ್ಷರ ಮೇಲಿನದ್ದೇ. ಕ್ಲಾಕು ಮೊನ್ನೆಯೇ ಸರಿ ಮಾಡಿದ್ದೆ, ಮಿನುಗುವ ಪ್ರೋಗ್ರಾಮಿನಲ್ಲಿ ಅರ್ಧ ಸೆಕೆಂಡ್ ಸರಿಯಾಗಿ ಬಂದಿತ್ತು.

ಹಳೇ ಕಿಟ್ಟು · ಸೋಮವಾರ ಬೆಳಿಗ್ಗೆ 6:00

ಪೂರ್ತಿ ಬಿಳಿ ಅಂದರೆ 24 ಬಿಟ್ಟೂ 1 ಅಂತ ಬಲ್ಬಿಗೆ ಕೇಳಿಸುತ್ತಿದೆ. 0 ಕಳಿಸಿದರೂ 1 ಅಂತ ಯಾವಾಗ ಕೇಳುತ್ತದೆ? ತಂತಿ ತೀರಾ ಹೊತ್ತು ಮೇಲಿದ್ದಾಗ. ನಾಲ್ಕು ಕ್ಲಾಕು 1.2 ಮೆಗಾಹರ್ಟ್ಸ್‌ನಲ್ಲಿ 3.3 ಮೈಕ್ರೊಸೆಕೆಂಡ್. ಅಂದರೆ ಈ ಪ್ರೋಗ್ರಾಮಿನಲ್ಲಿ ನಿಮ್ಮ ಕ್ಲಾಕು ಇನ್ನೂ ಎಂಟರಿಂದ ಭಾಗವಾಗಿಯೇ ಇದೆ. ಶುರುವಿನ ಸಾಲುಗಳನ್ನು ಇದ್ದ ಹಾಗೇ ಇಲ್ಲಿ ಹಾಕಿ.

ಸ್ಟಾರ್ಟರ್‌ಪೆಟ್ಟಿಗೆ · ಸೋಮವಾರ ಬೆಳಿಗ್ಗೆ 8:45

ಎಲ್‌ಡಿಐ ಆರ್16, 80 (ಹೆಕ್ಸ್)
ಔಟ್ ಸಿಎಲ್‌ಕೆಪಿಆರ್, ಆರ್16
ಎಸ್‌ಬಿಐ ಡಿಡಿಆರ್‌ಬಿ, 0
ಸಿಬಿಐ ಪೋರ್ಟ್‌ಬಿ, 0
ಎಲ್‌ಡಿಐ ಆರ್16, 0
ಔಟ್ ಸಿಎಲ್‌ಕೆಪಿಆರ್, ಆರ್16

ಬರೆಯುವಾಗಲೇ ಕಂಡಿತು ಮೇಷ್ಟ್ರೇ. ನೀಟಾಗಿ ಕಾಣಲಿ ಅಂತ ಪೋರ್ಟಿನ ಎರಡು ಸಾಲು ಮೇಲೆ ತಂದೆ. ಎಸ್‌ಬಿಐಗೆ 2, ಸಿಬಿಐಗೆ 2, ಅಲ್ಲಿಗೇ ನಾಲ್ಕು ಮುಗಿಯಿತು. ನಾಲ್ಕು ಕ್ಲಾಕಿನ ಒಳಗೆ ಅಂತ ಮೇಡಂ ಬರೆದದ್ದನ್ನು ಸುಮ್ನೆ ಓದಿ ಬಿಟ್ಟಿದ್ದೆ. ಪಂಪ್‌ಸೆಟ್ ಬೋರ್ಡುಗಳಲ್ಲಿ ಸಾಲು ಮೇಲೆ ಕೆಳಗೆ ಆದರೆ ಏನೂ ಆಗುತ್ತಿರಲಿಲ್ಲ, ಆ ಧೈರ್ಯ.

ಸ್ಟಾರ್ಟರ್‌ಪೆಟ್ಟಿಗೆ · ಸೋಮವಾರ ರಾತ್ರಿ 10:50

ಬಣ್ಣ ಬಂತು! ಆದರೆ ಕೆಂಪು ಕೇಳಿದರೆ ಹಸಿರು, ಹಸಿರು ಕೇಳಿದರೆ ಕೆಂಪು. ನೀಲಿ ಮಾತ್ರ ನೀಲಿಯೇ.

ನಿದ್ದೆಗೆಟ್ಟವ · ಸೋಮವಾರ ರಾತ್ರಿ 10:52

ಅಣ್ಣಾ ಇದು ನನಗೆ ಗೊತ್ತು! ಇದಕ್ಕೆ ಮೊದಲು ಹಸಿರು, ಆಮೇಲೆ ಕೆಂಪು, ಆಮೇಲೆ ನೀಲಿ ಕಳಿಸಬೇಕು. ನಿಮ್ಮ ಕೋಡಿನಲ್ಲಿ ತಪ್ಪಿಲ್ಲ.

ಸ್ಟಾರ್ಟರ್‌ಪೆಟ್ಟಿಗೆ · ಶುಕ್ರವಾರ ರಾತ್ರಿ 11:30

ಎಲ್ಲ ಓಡುತ್ತಿದೆ. ಕೇಸರಿ ಒಂದು ಕಡೆಯಿಂದ ಓಡುತ್ತದೆ, ಹಸಿರು ಇನ್ನೊಂದು ಕಡೆಯಿಂದ, ನಡುವೆ ಸೇರಿದಾಗ ಬಿಳಿ. ಒಂದು ರಿಜಿಸ್ಟರಿನಲ್ಲಿ ಬಲ್ಬಿನ ನಂಬರು, ಇನ್ನೊಂದರಲ್ಲಿ ಹೆಜ್ಜೆ. ಎರಡನ್ನೂ ನೋಡಿ ಬಣ್ಣ ಆರಿಸುತ್ತೇನೆ. ಇಡೀ ಪ್ರೋಗ್ರಾಂ 142 ಬೈಟು. ಆರ್‌ಕಾಲ್ ಮಾಡಿದಾಗ ವಾಪಸ್ ವಿಳಾಸ ಇಡೋಕೆ ಬಿಟ್ಟರೆ ರಾಮ್ ಮುಟ್ಟಿಯೇ ಇಲ್ಲ. ಆ 64 ಬೈಟಿನ ಚಿಂತೆಗೆ ನಾನು ನಿದ್ದೆ ಕೆಟ್ಟಿದ್ದೆ!

ಒಂದೇ ಕೊರತೆ ಉಳಿದಿದೆ. ಇವತ್ತು ಪೆಂಡಾಲಿನಲ್ಲಿ ಕಟ್ಟಿದೆವು. ಮನೆಯಲ್ಲಿ ಮೇಜಿನ ಮೇಲೆ ಚೆನ್ನಾಗಿತ್ತು. ಅಲ್ಲಿ ಬಿಳಿ ಬರುವಾಗ ಮೊದಲ ಕೆಲವು ಬಲ್ಬು ಬಿಳಿ, ಹೋಗ್ತಾ ಹೋಗ್ತಾ ಹಳದಿ, ಕೊನೆಯವು ಕೆಂಪಗೆ. ಬಣ್ಣ ಲೆಕ್ಕ ಹಾಕುವ ಜಾಗದಲ್ಲಿ ಕ್ಲಾಕು ಜಾಸ್ತಿ ಆಯಿತಾ ಅಂತ ಎರಡು ಸಲ ಎಣಿಸಿದೆ. 23 ಇದೆ. ಬೇಕಾದರೆ ಕೋಡ್ ಪೂರ್ತಿ ಹಾಕುತ್ತೇನೆ.

ಸಿ ಸಾಕು · ಶುಕ್ರವಾರ ರಾತ್ರಿ 11:41

ಕೋಡ್ ಬೇಡ. ಪವರ್ ಸಪ್ಲೈ ಎಷ್ಟು ದೂರದಲ್ಲಿದೆ, ತಂತಿ ಎಷ್ಟು ದಪ್ಪ?

ಪೂರ್ತಿ ಬಿಳಿಯಲ್ಲಿ ಒಂದು ಬಲ್ಬು ಸುಮಾರು 60 ಮಿಲಿಆಂಪ್ ಎಳೆಯುತ್ತದೆ. 30ಕ್ಕೆ 1.8 ಆಂಪ್. ದಾರಿಯಲ್ಲಿ ವೋಲ್ಟೇಜು ಇಳಿದರೆ ಮೊದಲು ಸೋಲುವುದು ನೀಲಿ, ಆಮೇಲೆ ಹಸಿರು. ಕೆಂಪಿಗೆ ಕಮ್ಮಿ ವೋಲ್ಟೇಜು ಸಾಕು, ಅದೊಂದು ಉಳಿಯುತ್ತದೆ. ಅದಕ್ಕೇ ಕೊನೆಯವು ಕೆಂಪು.

ಸ್ಟಾರ್ಟರ್‌ಪೆಟ್ಟಿಗೆ · ಶುಕ್ರವಾರ ರಾತ್ರಿ 11:48

ಸಪ್ಲೈ ದೇವಸ್ಥಾನದ ಒಳಗೆ. ಅಲ್ಲಿಂದ ಹನ್ನೆರಡು ಮೀಟರು ಬೆಲ್ಲು ತಂತಿ ಎಳೆದಿದ್ದೇವೆ.

ಬೋರ್‌ವೆಲ್‌ಗೆ ತೆಳು ಕೇಬಲ್ ಹಾಕಿ ಮೋಟಾರ್ ಸುಟ್ಟುಕೊಂಡು ಬರುವವರಿಗೆ ದಿನಾ ಬೈಯುವವನು ನಾನು. ಬೆಳಿಗ್ಗೆ ಎರಡೂ ತುದಿಗೆ ದಪ್ಪ ತಂತಿ ಕೊಟ್ಟು ನೋಡುತ್ತೇನೆ. ಇದನ್ನು ಮನೆಯವರಿಗೆ ಮಾತ್ರ ಹೇಳಬೇಡಿ.